ಮೊದಲ ಉಸಿರಿಗೆ ಎರಡು ಮೀಟರ್ ನೀರು ಸಾಕು

ಪ್ರಶ್ನೆ: ನಮ್ಮ ಮಗನಿಗೆ ಬರುವ ನವೆಂಬರ್‌ನಲ್ಲಿ ಒಂಬತ್ತು ತುಂಬುತ್ತದೆ. ಎರಡು ಬೇಸಿಗೆ ಈಜು ಕಲಿತಿದ್ದಾನೆ, ಚೆನ್ನಾಗಿಯೇ ಈಜುತ್ತಾನೆ. ಕ್ರಿಸ್‌ಮಸ್ ರಜೆಗೆ ಮುರ್ಡೇಶ್ವರಕ್ಕೆ ಹೋಗುವವರಿದ್ದೇವೆ. ಅಲ್ಲಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ನಡುಗಡ್ಡೆಯಲ್ಲಿ ಸ್ಕೂಬಾ (ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರೊಳಗೆ ಇಳಿಯುವುದು) ಮಾಡಲೇಬೇಕು ಎಂದು ಅವನ ಹಟ. ಫೋನ್ ಮಾಡಿ ವಿಚಾರಿಸಿದಾಗ ಒಬ್ಬರು ‘ವಯಸ್ಸಿನದೇನೂ ತೊಂದರೆಯಿಲ್ಲ, ಕರೆದುಕೊಂಡು ಬನ್ನಿ’ ಎಂದರು. ಅವನ ಅಪ್ಪ ತುದಿಗಾಲಿನಲ್ಲಿದ್ದಾರೆ. ಅಜ್ಜಿಗೆ ಮಾತ್ರ ಸುತರಾಂ ಒಪ್ಪಿಗೆಯಿಲ್ಲ. ನಾಲ್ಕನೇ ವಯಸ್ಸಿನಲ್ಲಿ ಅವನಿಗೆ ಎರಡು ಬಾರಿ ಉಬ್ಬಸ ಬಂದು ನೆಬ್ಯುಲೈಸರ್ ಹಾಕಿಸಬೇಕಾಗಿತ್ತು. ಈಗಲೂ ಶೀತ ಬೇಗ ಹಿಡಿಯುತ್ತದೆ. ನಾನು ಯಾರ ಮಾತು ಕೇಳಲಿ?
– ಓದುಗರೊಬ್ಬರು, ಹಾಸನ

ಉತ್ತರ: ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಡಿಸೆಂಬರ್‌ನಲ್ಲಿ ನೇತ್ರಾಣಿ ಬೇಡ. ಅಷ್ಟರಮಟ್ಟಿಗೆ ಅಜ್ಜಿ ಗೆದ್ದರು. ಆದರೆ ಸ್ಕೂಬಾವೇ ಬೇಡ ಎಂದಲ್ಲ. ವೈದ್ಯರು ಒಪ್ಪಿದರೆ, ಈಜುಕೊಳದಲ್ಲಿ, ಎರಡು ಮೀಟರ್‌ಗಿಂತ ಆಳಕ್ಕೆ ಹೋಗದೆ, ಅವನು ನೀರೊಳಗೆ ಮೊದಲ ಉಸಿರು ಎಳೆದುಕೊಳ್ಳಲಿ. ಕಡಲು ಮುಂದಿನ ವರ್ಷಕ್ಕಿರಲಿ, ಹತ್ತು ತುಂಬಿದ ಮೇಲೆ.

ಇದು ನನ್ನ ಸ್ವಂತ ಲೆಕ್ಕಾಚಾರವಲ್ಲ. ಜಗತ್ತಿನಾದ್ಯಂತ ಡೈವಿಂಗ್ ಕಲಿಸುವ ಪ್ಯಾಡಿ ಸಂಸ್ಥೆ ಎಂಟು ತುಂಬಿದ ಮಕ್ಕಳಿಗೆಂದೇ ‘ಬಬಲ್‌ಮೇಕರ್’ ಎಂಬ ಸಣ್ಣ ಪಾಠವೊಂದನ್ನು ಇಟ್ಟಿದೆ. ಅದರಲ್ಲಿ ಆಳದ ಮಿತಿ 2 ಮೀಟರ್. ತರಬೇತುದಾರರ ಜೊತೆ ಕಡಲಿಗಿಳಿಯುವ ‘ಡಿಸ್ಕವರ್ ಸ್ಕೂಬಾ’ಕ್ಕೆ ಹತ್ತು ವರ್ಷ ಆಗಿರಬೇಕು, ಆಗಲೂ ಮಿತಿ 12 ಮೀಟರ್. ಕೋರ್ಸ್ ಮುಗಿಸಿ ಕಾರ್ಡ್ ಪಡೆದ ಹತ್ತು–ಹನ್ನೊಂದರ ಮಕ್ಕಳು ಕೂಡ 12 ಮೀಟರ್ ದಾಟುವಂತಿಲ್ಲ. ಜೊತೆಗೆ ಡೈವಿಂಗ್ ಕಲಿತ ತಂದೆ ತಾಯಿಯೋ ತರಬೇತುದಾರರೋ ಇರಲೇಬೇಕು. ಹೀಗಿರುವಾಗ ಒಂಬತ್ತರ ಹುಡುಗನನ್ನು ನೋಡದೆ, ಅವನ ಆರೋಗ್ಯದ ಬಗ್ಗೆ ಒಂದು ಮಾತೂ ಕೇಳದೆ ‘ಕರೆದುಕೊಂಡು ಬನ್ನಿ’ ಎಂದವರ ಫೋನ್ ನಂಬರನ್ನು ಅಳಿಸಿಹಾಕಿ. ಮುಂದಿನ ವರ್ಷಕ್ಕೂ ಅದು ಬೇಕಾಗುವುದಿಲ್ಲ.

ಎರಡು ಮೀಟರ್ ಎಂದೊಡನೆ ಹುಡುಗನ ಮುಖ ಬಾಡುತ್ತದೆ ಎಂದು ನನಗೆ ಗೊತ್ತು. ಅವನಿಗೆ ಬೇಕಾದದ್ದು ಕಡಲಾಮೆ. ನಾವು ತೋರಿಸುವುದು ನೀಲಿ ಟೈಲ್ಸ್. ಆದರೆ ಆ ಎರಡು ಮೀಟರ್ ಎಷ್ಟು ದೊಡ್ಡದು ಎಂಬುದನ್ನು ಅವನಿಗೇ ತೋರಿಸುವ ದಾರಿಯೊಂದಿದೆ, ಅದೂ ನೀವು ಬರುವ ದಾರಿಯಲ್ಲೇ. ಸಕಲೇಶಪುರದಲ್ಲಿ ಕಾಫಿಗೆ ನಿಲ್ಲಿಸುತ್ತೀರಲ್ಲ, ಅಲ್ಲಿ ಒಂದು ಖಾಲಿ ನೀರಿನ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಿ ಅವನ ತೊಡೆಯ ಮೇಲಿಡಿ. ಶಿರಾಡಿ ಘಾಟಿ ಇಳಿದು ಗುಂಡ್ಯ ದಾಟುವಷ್ಟರಲ್ಲಿ ಬಾಟಲಿಯ ಪಕ್ಕೆ ಒಳಕ್ಕೆ ಕುಸಿದಿರುತ್ತದೆ. ಯಾರೂ ಹಿಸುಕಿಲ್ಲ, ಮೇಲಿನ ತೆಳುವಾದ ಗಾಳಿಯನ್ನು ಕೆಳಗಿನ ದಟ್ಟ ಗಾಳಿ ಹೊರಗಿನಿಂದ ಒತ್ತಿದೆ, ಅಷ್ಟೇ. ಅಷ್ಟು ಹೊತ್ತಿಗೆ ಅವನ ಕಿವಿಯೂ ಒಂದೆರಡು ಬಾರಿ ಕಟ್ಟಿಕೊಂಡು ‘ಟಪ್’ ಎಂದು ಬಿಟ್ಟಿರುತ್ತದೆ.

ಈಗ ಲೆಕ್ಕ ನೋಡಿ. ಹಾಸನ, ಸಕಲೇಶಪುರಗಳು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಕಡಲ ದಂಡೆಯವರೆಗೆ ಇಳಿದಾಗ ಗಾಳಿಯ ಒತ್ತಡ ಎಷ್ಟು ಹೆಚ್ಚುತ್ತದೋ, ನೀರಿನಲ್ಲಿ ಬರೀ ಒಂದು ಮೀಟರ್ ಇಳಿದರೆ ಅಷ್ಟೇ ಹೆಚ್ಚುತ್ತದೆ. ಗಂಟೆಗಟ್ಟಲೆ ತೆಗೆದುಕೊಂಡು ಇಡೀ ಪಶ್ಚಿಮ ಘಟ್ಟ ಇಳಿದಿದ್ದನ್ನು ಈಜುಕೊಳದಲ್ಲಿ ಅವನು ಅರ್ಧ ನಿಮಿಷದಲ್ಲಿ ಎರಡು ಸಲ ಇಳಿಯುತ್ತಾನೆ. ಹತ್ತು ಮೀಟರ್‌ಗೆ ಹೋದರೆ ಒತ್ತಡ ನೆಲದ ಮೇಲಿನದರ ಇಮ್ಮಡಿ. ಇದನ್ನು ಕೇಳಿದ ಮೇಲೆ ‘ಬರೀ ಎರಡು ಮೀಟರಾ?’ ಎಂದು ರಾಗ ಎಳೆದ ಹುಡುಗರನ್ನು ನಾನು ಕಂಡಿಲ್ಲ.

ಒತ್ತಡವೇ ಈ ಆಟದ ಪ್ರಾಣ, ಅಪಾಯವೂ ಅದೇ. ಮಕ್ಕಳ ವಿಷಯದಲ್ಲಿ ಅದು ಎರಡು ಜಾಗಗಳಲ್ಲಿ ಕಾಡುತ್ತದೆ, ಉಸಿರಿನಲ್ಲಿ ಮತ್ತು ಕಿವಿಯಲ್ಲಿ.

ಮೊದಲು ಉಸಿರು. ಮಗ ಚೆನ್ನಾಗಿ ಈಜುತ್ತಾನೆ ಎಂದು ಬರೆದಿದ್ದೀರಿ. ಸಂತೋಷ, ನೀರಿನ ಭಯ ಇಲ್ಲದ ಮಗು ಅರ್ಧ ಗೆದ್ದ ಹಾಗೆ. ಆದರೆ ಈಜು ಕಲಿಸಿದವರು ಅವನಿಗೆ ಹೇಳಿಕೊಟ್ಟ ಮೊದಲ ಪಾಠ ‘ಬಾಯಿ ಮುಚ್ಚಿ ಉಸಿರು ಬಿಗಿಹಿಡಿ’ ಎಂಬುದಾಗಿರುತ್ತದೆ. ಸ್ಕೂಬಾದಲ್ಲಿ ಅದನ್ನೇ ಮೊದಲು ಮರೆಯಬೇಕು. ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಬರುವ ಗಾಳಿ ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಬಾಯಿಗೆ ಬರುತ್ತದೆ. (ಸಿಲಿಂಡರಿನಲ್ಲಿರುವುದು ನಾವು ನೀವು ಉಸಿರಾಡುವ ಗಾಳಿಯೇ, ಅದುಮಿ ತುಂಬಿದ್ದು. ಪತ್ರಿಕೆಗಳು ಪ್ರತಿ ಬಾರಿ ‘ಆಕ್ಸಿಜನ್ ಸಿಲಿಂಡರ್’ ಎಂದು ಬರೆದಾಗ ನನಗೆ ಹಲ್ಲುನೋವು ಬಂದಂತಾಗುತ್ತದೆ.) ಎರಡು ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡ ಮಗು ಏನೋ ಗಾಬರಿಯಾಗಿ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿತು ಎಂದುಕೊಳ್ಳಿ. ಆ ಗಾಳಿ ಐದನೇ ಒಂದು ಪಾಲು ಹಿಗ್ಗಲು ನೋಡುತ್ತದೆ. ಎದೆಯಲ್ಲಿ ಅದಕ್ಕೆ ಜಾಗವೆಲ್ಲಿದೆ? ತುಂಬಿದ ಶ್ವಾಸಕೋಶ ಒಂದೂವರೆ ಮೀಟರ್‌ನಷ್ಟು ಏರಿಕೆಗೂ ಹರಿದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ‘ಈಜುಕೊಳ ತಾನೇ, ಏನಾಗುತ್ತದೆ’ ಎನ್ನುವ ಅಪ್ಪಂದಿರಿಗೆ ನಾನು ಇದನ್ನು ಮುಲಾಜಿಲ್ಲದೆ ಹೇಳುತ್ತೇನೆ.

ಹಾಗಾಗಿ ತರಬೇತುದಾರನಾದ ನನ್ನ ಪಾಠದ ಮೊದಲ ಭಾಗ ಹೋಗುವುದು ಒಂದೇ ಅಭ್ಯಾಸಕ್ಕೆ. ಸೊಂಟದ ಮಟ್ಟದ ನೀರಿನಲ್ಲಿ ಮಂಡಿಯೂರಿ, ಮುಖ ಮುಳುಗಿಸಿ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರನ್ನು ಕಚ್ಚಿಕೊಂಡು ಉಸಿರಾಡುವುದು. ಮೊದಲ ಉಸಿರು ಯಾವ ಮಗುವಿಗೂ ಸಲೀಸಾಗಿ ಬರುವುದಿಲ್ಲ. ಮುಖ ನೀರಿನಲ್ಲಿದ್ದಾಗ ಒಳಕ್ಕೆ ಎಳೆಯಬೇಡ ಎಂದು ಇಡೀ ಮೈ ಹೇಳುತ್ತಿರುತ್ತದೆ. ಭುಜ ಕಿವಿಯ ತನಕ ಏರುತ್ತದೆ, ಕಣ್ಣು ಮಾಸ್ಕಿನೊಳಗೆ ನಿಂಬೆಹಣ್ಣಾಗುತ್ತದೆ. ಆಮೇಲೆ ‘ಹ್ಸ್ಸ್’ ಎಂದು ಒಂದು ಸಣ್ಣ ಎಳೆತ. ಹಿಂದೆಯೇ ಗುಳುಗುಳು ಗುಳ್ಳೆ. ಮೂರನೆಯದೋ ನಾಲ್ಕನೆಯದೋ ಗುಳ್ಳೆಗೆ ಭುಜ ಇಳಿಯುತ್ತದೆ. ಆ ಭುಜ ಇಳಿಯುವವರೆಗೆ ಒಂದು ಅಂಗುಲವೂ ಆಳಕ್ಕೆ ಹೋಗುವುದಿಲ್ಲ. ಕೆಲವರಿಗೆ ಐದು ನಿಮಿಷ ಸಾಕು. ಕೆಲವರಿಗೆ ಅವತ್ತು ಇಳಿಯುವುದೇ ಇಲ್ಲ. ಇಳಿಯದಿದ್ದರೆ ಟವೆಲ್ ಸುತ್ತಿಸಿ, ಬಿಸಿ ಹಾಲು ಕುಡಿಸಿ, ಮನೆಗೆ ಕಳುಹಿಸುತ್ತೇನೆ.

ಇನ್ನು ಕಿವಿ. ಕಿವಿತಮಟೆಯ ಹಿಂದಿನ ಪುಟ್ಟ ಕೋಣೆಯಿಂದ ಗಂಟಲಿನ ಹಿಂಭಾಗಕ್ಕೆ ಒಂದು ಸಣ್ಣ ನಾಳವಿದೆ, ಯೂಸ್ಟೇಶಿಯನ್ ನಾಳ ಎಂದು ಅದರ ಹೆಸರು. ಘಾಟಿಯಲ್ಲಿ ‘ಟಪ್’ ಎಂದದ್ದು ಅದೇ. ಮಕ್ಕಳಲ್ಲಿ ಈ ನಾಳ ದೊಡ್ಡವರದಕ್ಕಿಂತ ಕಿರಿದು, ಗಿಡ್ಡ, ಹೆಚ್ಚು ಅಡ್ಡಡ್ಡ. ಶೀತವಾದರೆ ಬೇಗ ಕಟ್ಟಿಕೊಳ್ಳುವುದು ಅದಕ್ಕೇ. ನೀರಿನಲ್ಲಿ ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ನಾಳವನ್ನು ತೆರೆಯಬೇಕು. ಎಂಜಲು ನುಂಗಿದರೆ, ದವಡೆ ಆಡಿಸಿದರೆ ತೆರೆದುಕೊಳ್ಳುವ ಅದೃಷ್ಟವಂತರೂ ಇದ್ದಾರೆ. ಇದನ್ನು ನೋವು ಬರುವ ಮೊದಲೇ, ಪ್ರತಿ ಅರ್ಧ ಮೀಟರ್‌ಗೊಮ್ಮೆ ಮಾಡಬೇಕು. ನೋವು ಬಂದ ಮೇಲೆ ಊದಿದರೆ ನಾಳದ ಬಾಯಿ ಒತ್ತಡಕ್ಕೆ ಸಿಕ್ಕಿ ಇನ್ನಷ್ಟು ಬಿಗಿದುಕೊಳ್ಳುತ್ತದೆ. ಆಗ ಉಳಿದ ದಾರಿ ಒಂದೇ, ಸ್ವಲ್ಪ ಮೇಲೆ ಬಂದು ಮತ್ತೆ ಪ್ರಯತ್ನಿಸುವುದು.

ಇದನ್ನು ಮನೆಯಲ್ಲೇ ಕಲಿಸಬಹುದು. ಹೊರಡುವ ಮುಂಚಿನ ಎರಡು ವಾರ, ಹಲ್ಲುಜ್ಜಿದ ಮೇಲೆ, ಕನ್ನಡಿಯ ಮುಂದೆ ಮೂಗು ಹಿಡಿದು ಮೆಲ್ಲಗೆ ಊದಲಿ. ಎರಡೂ ಕಿವಿಯಲ್ಲಿ ಸದ್ದಾಗಬೇಕು. ಮುಖ ಕೆಂಪಾಗುವಂತೆ ಊದುವುದು ಬೇಡ, ಅದು ಒಳಗಿವಿಗೇ ಪೆಟ್ಟು. ಒಂದು ಕಿವಿ ಮಾತ್ರ ಬಿಡುತ್ತಿದ್ದರೆ ಅಥವಾ ಎರಡೂ ಬಿಡದಿದ್ದರೆ ಕಿವಿ–ಮೂಗು–ಗಂಟಲು ವೈದ್ಯರಿಗೆ ಒಮ್ಮೆ ತೋರಿಸಿ. ಆ ದಿನ ಶೀತವಿದ್ದರೆ ಕಾರ್ಯಕ್ರಮ ರದ್ದು, ಚರ್ಚೆಯೇ ಇಲ್ಲ. ಮೂಗು ಬಿಡಿಸುವ ಹನಿ ಹಾಕಿ ಇಳಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಕೇಳಬೇಡಿ. ನೀರೊಳಗಿರುವಾಗಲೇ ಔಷಧದ ಪ್ರಭಾವ ಇಳಿದುಹೋದರೆ, ಮೇಲೆ ಬರುವಾಗ ಹಿಗ್ಗುವ ಗಾಳಿಗೆ ಹೊರದಾರಿ ಇಲ್ಲದೆ ಕಿವಿ ನರಳುತ್ತದೆ.

ಕಿವಿಯ ಬಗ್ಗೆ ನಾನು ಇಷ್ಟು ಕೊರೆಯುವುದಕ್ಕೆ ಕಾರಣ ನನ್ನದೇ ತಪ್ಪು. ತರಬೇತುದಾರನಾಗಿ ಮೂರನೇ ವರ್ಷವೋ ಏನೋ. ಹನ್ನೊಂದರ ಒಬ್ಬ ಹುಡುಗ ಬಂದಿದ್ದ. ಇಳಿದು ಬಂದರೆ ಗೇರ್ ಸೈಕಲ್ ಕೊಡಿಸುತ್ತೇನೆ ಎಂದು ಅಪ್ಪ ಮಾತು ಕೊಟ್ಟಿದ್ದರು. ದೋಣಿಯ ಅಂಚಿನಲ್ಲಿ ಮೊಬೈಲ್ ಹಿಡಿದು ನಿಂತೂ ಇದ್ದರು. ನಾಲ್ಕು ಮೀಟರ್‌ನಲ್ಲಿ ನಾನು ಓಕೆಯಾ ಎಂದು ಸನ್ನೆ ಮಾಡಿದೆ, ಅವನು ಓಕೆ ಎಂದು ಬೆರಳು ಸುತ್ತಿ ತೋರಿಸಿದ. ಐದರಲ್ಲಿ ಕೇಳಿದೆ, ಓಕೆ. ಆರರಲ್ಲೂ ಓಕೆ. ಮೇಲೆ ಬಂದು ಮಾಸ್ಕ್ ತೆಗೆದಾಗ ಮೂಗಿನ ಬಳಿ ರಕ್ತದ ಎಳೆ, ಕಣ್ಣಿನಲ್ಲಿ ನೀರು. ಕಿವಿತಮಟೆ ಊದಿಕೊಂಡು, ಹುಡುಗ ವಾರಗಟ್ಟಲೆ ತಲೆಗೆ ನೀರು ಹಾಕಿಕೊಳ್ಳುವಂತಿರಲಿಲ್ಲ. ಮೂರನೇ ಮೀಟರ್‌ನಿಂದಲೇ ನೋಯುತ್ತಿತ್ತಂತೆ. ಅವನ ಕೈ ಓಕೆ ಹೇಳುತ್ತಿತ್ತು, ಹುಬ್ಬು ಹೇಳುತ್ತಿರಲಿಲ್ಲ. ನಾನು ಕೈಯನ್ನಷ್ಟೇ ನೋಡಿದ್ದೆ. ಅಂದಿನಿಂದ ಬಹುಮಾನದ ಆಮಿಷ ಒಡ್ಡಿ ಕರೆತಂದ ಮಕ್ಕಳನ್ನು ನಾನು ನೀರಿಗಿಳಿಸುವುದಿಲ್ಲ. ‘ನೋಯುತ್ತಿದೆ’ ಎಂದರೆ ಸೈಕಲ್ ಕೈತಪ್ಪುತ್ತದೆ ಎಂದುಕೊಂಡ ಮಗು ನೋವನ್ನು ನುಂಗಿಕೊಳ್ಳುತ್ತದೆ. ನಿಮ್ಮ ಮನೆಯಲ್ಲೂ ಈ ಡೈವ್‌ಗೆ ಏನನ್ನೂ ಪಣಕ್ಕಿಡಬೇಡಿ. ‘ಸಾಕು’ ಎಂದು ಯಾವ ಗಳಿಗೆಯಲ್ಲಾದರೂ ಹೇಳಬಹುದು, ಬಟ್ಟೆ ಬದಲಿಸುವ ಕೋಣೆಯಲ್ಲೇ ಹೇಳಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಅವನಿಗೆ ಗೊತ್ತಿರಲಿ.

ಅಜ್ಜಿಯ ಉಬ್ಬಸದ ಮಾತಿಗೆ ಬರೋಣ. ಅದನ್ನು ಹಳೆಯ ಕಾಲದವರ ಹೆದರಿಕೆ ಎಂದು ತಳ್ಳಿಹಾಕುವಂತಿಲ್ಲ. ಉಬ್ಬಸದಲ್ಲಿ ಶ್ವಾಸನಾಳಗಳು ಕಿರಿದಾಗುತ್ತವೆ. ಕಿರಿದಾದ ನಾಳದ ಹಿಂದೆ ಸಿಕ್ಕಿಕೊಂಡ ಗಾಳಿ, ಮಗು ಬಾಯಿ ತೆರೆದು ಉಸಿರು ಬಿಡುತ್ತಿದ್ದರೂ, ಮೇಲೆ ಬರುವಾಗ ಅಲ್ಲೇ ಹಿಗ್ಗುತ್ತದೆ. ಸಿಲಿಂಡರಿನ ಗಾಳಿ ಒಣಗಾಳಿ ಬೇರೆ. ಉಬ್ಬಸದ ಪ್ರಕೃತಿಯವರಿಗೆ ಅದೇ ಕೆರಳಿಸುವಂಥದ್ದು. ಚಿಕ್ಕಂದಿನಲ್ಲಿ ಶೀತದೊಂದಿಗೆ ಬಂದ ಉಬ್ಬಸ ಅನೇಕ ಮಕ್ಕಳಲ್ಲಿ ತಾನಾಗಿಯೇ ನಿಂತುಹೋಗುತ್ತದೆ ಎಂಬುದೂ ನಿಜ. ನಿಮ್ಮ ಮಗನದು ಯಾವ ಬಗೆ ಎಂದು ನಿರ್ಧರಿಸಬೇಕಾದವರು ಅವನ ಮಕ್ಕಳ ವೈದ್ಯರು, ಅಗತ್ಯವಿದ್ದರೆ ಶ್ವಾಸಕೋಶ ತಜ್ಞರು. ಊದಿಸಿ ನೋಡುವ ಸ್ಪೈರೊಮೆಟ್ರಿ ಪರೀಕ್ಷೆ ಈ ವಯಸ್ಸಿನವರಿಗೆ ಕಷ್ಟವೇನಲ್ಲ. ಡೈವಿಂಗ್ ಕೇಂದ್ರದಿಂದ ವೈದ್ಯಕೀಯ ಪ್ರಶ್ನಾವಳಿಯನ್ನು ಮೊದಲೇ ತರಿಸಿಕೊಂಡು ವೈದ್ಯರ ಮುಂದಿಡಿ. ದೋಣಿ ಹೊರಡುವ ಐದು ನಿಮಿಷ ಮೊದಲು ಕೈಗೆ ಕೊಟ್ಟ ಹಾಳೆಯಲ್ಲಿ ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕುವ ಪೋಷಕರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ವೈದ್ಯರು ಬೇಡ ಎಂದರೆ ಮಾಸ್ಕ್, ಸ್ನಾರ್ಕೆಲ್ (ನೀರಿನ ಮೇಲೆ ಚಾಚುವ ಉಸಿರಾಟದ ಕೊಳವೆ) ಕೊಡಿಸಿ. ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದರಲ್ಲೂ ಬಾಲ್ಯ ಕಳೆಯುವಷ್ಟು ಸುಖವಿದೆ.

ವೈದ್ಯರು ಒಪ್ಪಿದರೆ ಈಜುಕೊಳ ಎಲ್ಲಿ ಎಂದು ಕೇಳುತ್ತೀರಿ. ನಿಮಗೆ ಬೆಂಗಳೂರು ಮೂರೂವರೆ ಗಂಟೆಯ ದಾರಿ. ಅಲ್ಲಿ ಈಜುಕೊಳದಲ್ಲಿ ಸ್ಕೂಬಾ ರುಚಿ ತೋರಿಸುವ ತರಬೇತುದಾರರಿದ್ದಾರೆ. ಡಿಸೆಂಬರ್‌ನ ಬೆಳಗ್ಗೆ ಬೇಡ, ಬಿಸಿಲೇರಿದ ಮೇಲೆ ಹೋಗಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುತ್ತದೆ, ಸಣ್ಣ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ತುಟಿ ನೀಲಿಯಾದ ಮಗುವಿಗೆ ಪಾಠ ತಲೆಗೆ ಹತ್ತುವುದಿಲ್ಲ. ಇಪ್ಪತ್ತು, ಇಪ್ಪತ್ತೈದು ನಿಮಿಷ ಧಾರಾಳ.

ಸಲಕರಣೆ ಅವನ ಅಳತೆಯದಾಗಿರಬೇಕು. ಮಾಸ್ಕಿನ ಪಟ್ಟಿಯನ್ನು ತಲೆಗೆ ಹಾಕದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದರೆ ಅದು ಬೀಳದೆ ಅಂಟಿಕೊಳ್ಳಬೇಕು, ಅಷ್ಟೇ ಪರೀಕ್ಷೆ. ಅವನ ಈಜು ಕನ್ನಡಕ ಇಲ್ಲಿ ಬೇಡ. ಅದರಲ್ಲಿ ಮೂಗು ಹೊರಗುಳಿಯುವುದರಿಂದ ಒಳಗಿನ ಒತ್ತಡ ಸರಿದೂಗಿಸಲು ಬರುವುದಿಲ್ಲ, ಕಣ್ಣುಗುಡ್ಡೆ ಹೀರಿದಂತಾಗುತ್ತದೆ. ಸಿಲಿಂಡರ್ ಕಟ್ಟುವ ದೊಡ್ಡವರ ಜಾಕೆಟ್ಟಿನಲ್ಲಿ ಮಗುವನ್ನು ತುರುಕಿದರೆ ಸಿಲಿಂಡರ್ ಒಂದು ಕಡೆ, ಮಗು ಒಂದು ಕಡೆ ವಾಲುತ್ತವೆ. ಇನ್ನೊಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ, ನಾನು ಕೇಳುತ್ತೇನೆ: ಅವನ ಹಲ್ಲು ಹೇಗಿವೆ? ಈ ವಯಸ್ಸಿನಲ್ಲಿ ಒಂದೆರಡು ದವಡೆ ಹಲ್ಲು ಅಲ್ಲಾಡುತ್ತಿರುತ್ತವೆ, ಕೆಲವು ಬಿದ್ದಿರುತ್ತವೆ. ರೆಗ್ಯುಲೇಟರಿನ ರಬ್ಬರ್ ತುಂಡನ್ನು ಕಚ್ಚಿ ಹಿಡಿಯುವುದು ಅಲ್ಲಿಯೇ. ಮಕ್ಕಳ ಅಳತೆಯ ರಬ್ಬರ್ ತುಂಡು ಇದೆಯೇ ಎಂದು ಫೋನಿನಲ್ಲಿ ವಿಚಾರಿಸಿ; ಆ ಪ್ರಶ್ನೆಗೆ ತಡವರಿಸದೆ ಉತ್ತರ ಕೊಟ್ಟವರು ಮಕ್ಕಳೊಂದಿಗೆ ಕೆಲಸ ಮಾಡಿದವರು ಎಂದು ಧೈರ್ಯವಾಗಿ ನಂಬಬಹುದು.

ಸನ್ನೆಗಳನ್ನೂ ಮನೆಯಲ್ಲೇ ಕಲಿಯಲಿ. ಎಂಟು ವರ್ಷದ ಹುಡುಗಿಯೊಬ್ಬಳು ಕೊಳದ ತಳದಲ್ಲಿ ಯಾರದೋ ಗೆಜ್ಜೆಯ ಒಂದು ಮಣಿಯನ್ನು ಹುಡುಕಿ ತೆಗೆದು, ಹಿಗ್ಗಿನಿಂದ ನನ್ನತ್ತ ಹೆಬ್ಬೆರಳೆತ್ತಿ ತೋರಿಸಿದಳು. ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಕೇಳಿದ ತಕ್ಷಣ ಒಯ್ಯುವುದು ನಮ್ಮ ನಿಯಮ. ಒಯ್ದೆ. ಮೇಲೆ ಬಂದವಳೇ ಕೆಂಡವಾದಳು: ‘ಸೂಪರ್ ಅಂತ ಹೇಳಿದೆ, ನೀವು ಹೊರಗೆ ತಂದುಬಿಟ್ಟಿರಿ!’ ಹೆಬ್ಬೆರಳು ತೋರುಬೆರಳು ಸೇರಿಸಿ ಮಾಡುವ ಸುತ್ತು ಓಕೆಗೆ, ಅಂಗೈ ಚಪ್ಪಟೆ ಮಾಡಿ ಅಲ್ಲಾಡಿಸುವುದು ‘ಏನೋ ಸರಿಯಿಲ್ಲ’ ಎನ್ನುವುದಕ್ಕೆ, ಆಮೇಲೆ ತೊಂದರೆಯ ಜಾಗಕ್ಕೆ ಬೆರಳು. ಊಟದ ಹೊತ್ತಿಗೆ ಒಂದು ವಾರ ಮಾತಿಲ್ಲದೆ ಸನ್ನೆಯಲ್ಲೇ ನಡೆಸಿ. ಸಾರು ಖಾರವಾದರೆ ಅಂಗೈ ಅಲ್ಲಾಡಿಸಿ ನಾಲಿಗೆ ತೋರಿಸಲಿ.

ನೀವಿಬ್ಬರೂ ಅವತ್ತು ಕೊಳದ ಪಕ್ಕದ ಕುರ್ಚಿಯಲ್ಲಿ ಕುಳಿತಿರಿ. ಅಪ್ಪನೂ ಜೊತೆಗೆ ಇಳಿಯುತ್ತೇನೆ ಎನ್ನಬಹುದು. ಅವರಿಗೂ ಮೊದಲ ಸಲವಾದರೆ ಬೇಡ, ತಮ್ಮ ಮೂಗಿನ ನೀರನ್ನು ನೋಡಿಕೊಳ್ಳುವುದರಲ್ಲೇ ಅವರಿಗೆ ಹೊತ್ತು ಹೋಗುತ್ತದೆ. ದಡದಿಂದ ‘ಹೆದರಬೇಡ ಪುಟ್ಟಾ’ ಎಂದು ಕೂಗುವುದೂ ಬೇಡ. ಅಲ್ಲಿಯವರೆಗೆ ಹೆದರದಿದ್ದ ಮಗುವಿಗೂ, ಹೆದರುವಂಥದ್ದೇನೋ ಇರಬೇಕು ಎಂದು ಆಗಲೇ ಹೊಳೆಯುವುದು.

ಮುಂದಿನ ವರ್ಷದ ನೇತ್ರಾಣಿಗೆ ಎರಡು ಮಾತು. ಮುರ್ಡೇಶ್ವರದ ದಂಡೆಯಿಂದ ನಡುಗಡ್ಡೆ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದು ಗಂಟೆಗೂ ಮಿಕ್ಕಿದ ಪ್ರಯಾಣ. ಹುಡುಗರನ್ನು ನೀರಿಗಿಂತ ಮೊದಲು ಈ ದೋಣಿಯೇ ಸೋಲಿಸುತ್ತದೆ. ಬೆಳಗ್ಗೆ ಎರಡು ಇಡ್ಲಿ ಸಾಕು, ಪೂರಿ ಸಾಗು ಬೇಡ, ಕಣ್ಣು ದಿಗಂತದ ಮೇಲಿರಲಿ. (ನೀರೊಳಗೆ ವಾಂತಿ ಬಂದರೆ ರೆಗ್ಯುಲೇಟರನ್ನು ಬಾಯಿಂದ ತೆಗೆಯದೆ ಅದರೊಳಗೇ ಮಾಡಬಹುದು. ಇದನ್ನು ಅವನಿಗೆ ಹೇಳಿ. ಒಂಬತ್ತರ ಹುಡುಗರಿಗೆ ಇಡೀ ಸ್ಕೂಬಾ ಶಾಸ್ತ್ರದಲ್ಲಿ ಬಹಳ ಹಿಡಿಸುವ ಸಂಗತಿ ಇದೇ.) ನೇತ್ರಾಣಿಯ ಅಂಚು ಕಡಿದಾದ ಬಂಡೆ. ಮರಳ ದಂಡೆಯಿಂದ ಹೆಜ್ಜೆ ಹೆಜ್ಜೆಯಾಗಿ ಇಳಿಯುವ ಸೌಕರ್ಯ ಇಲ್ಲ, ದೋಣಿಯಿಂದ ನೇರ ಕಾಲಿಗೆ ನೆಲ ಸಿಗದ ನೀರಿಗೆ ಬೀಳಬೇಕು. ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಂದರೆ ಈಗಿನ ಸ್ವರಾಜ್ ದ್ವೀಪದಲ್ಲಿ, ದಂಡೆಯಿಂದಲೇ ನಡೆದು ಇಳಿಯುವ ಜಾಗಗಳಿವೆ; ಮಕ್ಕಳ ಮೊದಲ ಕಡಲಿಗೆ ಅದು ಇನ್ನೂ ಸಲೀಸು, ಖರ್ಚು ಮಾತ್ರ ಬೇರೆಯೇ ಲೆಕ್ಕ. ನೇತ್ರಾಣಿಯೇ ಆದರೆ ಈಜುಕೊಳದಲ್ಲಿ ಪಳಗಿದ ಮೇಲೆ ಹೋಗಿ, ಒಬ್ಬ ತರಬೇತುದಾರನಿಗೆ ಒಂದೇ ಮಗು ಎಂದು ಮೊದಲೇ ಮಾತಾಡಿಕೊಳ್ಳಿ. ದೋಣಿಯಲ್ಲಿ ತುರ್ತಿಗೆ ಆಕ್ಸಿಜನ್ ಇದೆಯೇ ಎಂದು ಕೇಳಿ. ಹೌದು, ಇದು ನಿಜವಾದ ಆಕ್ಸಿಜನ್, ಕುಡಿಯುವ ನೀರಿನ ಡಬ್ಬದಷ್ಟೇ ಕಡ್ಡಾಯ. ವಿಡಿಯೊ ಪ್ಯಾಕೇಜಿನ ಬಗ್ಗೆ ಹತ್ತು ನಿಮಿಷ ಮಾತಾಡಿ ಆಕ್ಸಿಜನ್ ಎಂದೊಡನೆ ಮಾತು ಬದಲಿಸುವವರಿಂದ ದೂರ ಇರಿ.

ಅಲ್ಲಿ ಐದಾರು ಮೀಟರ್ ಆಳದಲ್ಲೇ ಚಿಟ್ಟೆ ಮೀನು, ಗಿಳಿ ಮೀನುಗಳು ಅವನನ್ನು ಲೆಕ್ಕಿಸದೆ ಬಂಡೆ ಕೆರೆಯುತ್ತಿರುತ್ತವೆ. ಕಡಲಾಮೆಯ ಭರವಸೆ ನಾನು ಕೊಡುವುದಿಲ್ಲ, ಅದು ಅದರ ಮರ್ಜಿ.

ಕಡಲಿಗಿಳಿದ ದಿನ ಸಂಜೆಯೇ ಹಾಸನಕ್ಕೆ ಹೊರಡಬೇಡಿ. ಒತ್ತಡದಲ್ಲಿ ಉಸಿರಾಡಿದಾಗ ಮೈಯೊಳಗೆ ಕರಗಿದ ಸಾರಜನಕ ನಿಧಾನವಾಗಿ ಹೊರಬೀಳಬೇಕು. ಒಂದೇ ಡೈವ್ ಆದರೂ ವಿಮಾನ ಹತ್ತಲು 12 ಗಂಟೆ ಕಾಯಿರಿ ಎನ್ನುವುದು ಅದಕ್ಕೇ. 600 ಮೀಟರ್ ದಾಟಿದ ಎತ್ತರಕ್ಕೂ ಅದೇ ಎಚ್ಚರಿಕೆ, ನಿಮ್ಮೂರು 950ರಲ್ಲಿದೆ. ಕಡಿಮೆ ಆಳದ ಒಂದು ಡೈವ್‌ನಿಂದ ಅಪಾಯ ತೀರಾ ಕಡಿಮೆ ಎಂಬುದು ಸರಿ, ಆದರೂ ಒಂದು ರಾತ್ರಿ ಮುರ್ಡೇಶ್ವರದಲ್ಲಿ ಉಳಿಯುವುದರಿಂದ ಕಳೆದುಕೊಳ್ಳುವುದೇನು? ಮರುದಿನ ಘಾಟಿ ಹತ್ತುವಾಗ ಚಿಪ್ಸ್ ಪೊಟ್ಟಣವನ್ನು ಒಡೆಯದೆ ಅವನ ಕೈಗೆ ಕೊಡಿ. ಸಕಲೇಶಪುರದ ಹೊತ್ತಿಗೆ ಅದು ದಿಂಬಿನಂತೆ ಉಬ್ಬಿರುತ್ತದೆ. ಯಾಕೆಂದು ಈ ಸಲ ಅವನೇ ಅಜ್ಜಿಗೆ ಫೋನ್ ಮಾಡಿ ವಿವರಿಸಲಿ.